ಅಂಗಳದ ಕಣಗಿಲೆ

ಗಿಡದಲ್ಲಿ ವಿಷವಿದೆಯೆಂದು ಕಿವಿಗೆ ಬಿದ್ದೊಡನೆ ಅದನ್ನು ಬುಡಸಹಿತ ಕಿತ್ತೆಸೆಯಬೇಕೆನ್ನುವವರು ಬಹು ಮಂದಿ. ನಮ್ಮ ಅಭಿಪ್ರಾಯ ಬೇರೆ. ಕೀಳಬೇಕಾದುದು ನಮ್ಮ ಅಜ್ಞಾನವನ್ನು.

ದೆಹಲಿಯ ಬಿರುಬಿಸಿಲಿಗೆ ಇತರ ಹೂಗಿಡಗಳು ಬಾಡಿದಾಗಲೂ ನಳನಳಿಸುವುದು ಕಣಗಿಲೆ. ರಸ್ತೆಗಳ ನಡುವಣ ಸಾಲಿನಲ್ಲಿ, ಉದ್ಯಾನಗಳಲ್ಲಿ, ಮನೆಯಂಗಳಗಳಲ್ಲಿ ಅದನ್ನು ಕಾಣುತ್ತೇವೆ. ಶಿವಪೂಜೆಗೆ ಅದರ ಹೂವು ಶ್ರೇಷ್ಠ. ಆದರೆ ಅದರ ಎಲೆ, ಹೂ, ಕಾಂಡ, ಬೀಜಗಳೆಲ್ಲವೂ ವಿಷಮಯ. ಹೊಟ್ಟೆಗೆ ಸೇರಿದರೆ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷವದು. ಹಳದಿ ಕಣಗಿಲೆಯೂ ಹಾಗೆಯೇ. ದತ್ತೂರಿಯ ಬೀಜ ಬುದ್ಧಿಭ್ರಮೆಯನ್ನುಂಟುಮಾಡುತ್ತದೆ. ಹರಳೆಣ್ಣೆ ಔಷಧವಾದರೂ ಹರಳುಬೀಜವನ್ನು ಅಗಿದು ತಿಂದರೆ ಪ್ರಾಣಾಪಾಯ. ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನ ತೂಗಿದ ಚೆಲುವಾದ ಗುಲಗಂಜಿಯೂ ಅಂಥದೇ.

ಹಾಗಾದರೆ ನಮ್ಮ ಹಿರಿಯರು ಇವುಗಳ ನಡುವೆ ಬಾಳಿದುದು ಹೇಗೆ? ಹೂಬುಟ್ಟಿಯನ್ನು ಕೈಗಿಡುವಾಗಲೇ ಅಜ್ಜಿ, "ಕಣಗಿಲೆ ಬಾಯಿಗಿಡಬೇಡ ಮಗು, ಕೊಯ್ದ ಮೇಲೆ ಕೈ ತೊಳೆದುಕೋ" ಎನ್ನುತ್ತಿದ್ದಳು. ಹೆಸರೂ ಎಚ್ಚರವೂ ಒಂದೇ ಉಸಿರಿನಲ್ಲಿ ಮಗುವಿಗೆ ದೊರೆಯುತ್ತಿದ್ದುವು. ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟೋ ಮಂದಿಗೆ ಆ ಗಿಡ ಬರಿಯ 'ಕನೇರ್'. ಕೆಲವರಿಗೆ ಅದೂ ತಿಳಿಯದು. ಹೆಸರು ಮರೆತಾಗ ಎಚ್ಚರವೂ ಮರೆತುಹೋಯಿತು.

ನಮ್ಮ ಮನೆಯ ಗಿಡವನ್ನು ಕಿತ್ತ ಮಾತ್ರಕ್ಕೆ ಬೀದಿಯ ಗಿಡ ಮಾಯವಾಗದು. ಆದುದರಿಂದ ತಿಳಿವಳಿಕೆಯೇ ನಿಜವಾದ ಬೇಲಿ. ಹಸುಳೆಗಳಿರುವ ಮನೆಯಲ್ಲಿ ಮಾತ್ರ ಇಂಥ ಗಿಡಗಳು, ಅದರಲ್ಲಿಯೂ ಗುಲಗಂಜಿ, ಹರಳುಗಳಂತಹವು, ಕೈಗೆಟುಕುವಲ್ಲಿ ಇರಕೂಡದೆಂಬುದನ್ನು ನಾವು ಒಪ್ಪುತ್ತೇವೆ. ಕಣಗಿಲೆಯ ಕಡ್ಡಿಯನ್ನು ಚಮಚದಂತೆ ಬಳಸಬಾರದು; ಒಣಗಿದ ರೆಂಬೆಗಳನ್ನು ಸುಡಬಾರದು, ಅದರ ಹೊಗೆಯೂ ಕೆಟ್ಟದ್ದು. ಗಿಡ ಸವರಿದ ಬಳಿಕ ಕೈಯನ್ನು ಸಾಬೂನಿನಿಂದ ತೊಳೆಯಬೇಕು.

ಯಾರಾದರೂ ತಿಂದುಬಿಟ್ಟರೆ ಬಾಯಲ್ಲಿ ಉಳಿದುದನ್ನು ತೆಗೆಸಿ, ಬಾಯಿ ಮುಕ್ಕಳಿಸಿಸಿ, ಆ ಗಿಡದ ಒಂದು ತುಂಡಿನೊಡನೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ತಪ್ಪು. ತುರ್ತು ಸಹಾಯಕ್ಕೆ 112ಕ್ಕೆ ಕರೆಮಾಡಬಹುದು. ನಮ್ಮ ನಗರದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ವಿಷಗಳ ಬಗೆಗೆ ಹಗಲಿರುಳೂ ಸಲಹೆ ನೀಡುವ ರಾಷ್ಟ್ರೀಯ ಕೇಂದ್ರವೊಂದು 1995ರಿಂದ ಇದೆಯೆಂಬುದನ್ನು ಪ್ರತಿ ಮನೆಯೂ ತಿಳಿದಿರಬೇಕು.

ವಿಷವೆಂದು ದ್ವೇಷವೂ ಸಲ್ಲದು. ದತ್ತೂರಿಯಲ್ಲಿರುವ ಅಟ್ರೋಪಿನನ್ನೇ ವೈದ್ಯರು ಕಣ್ಣಿನ ಔಷಧವಾಗಿ ಬಳಸುತ್ತಾರೆ. ವಸ್ತು ಒಂದೇ, ಅರಿತವನ ಕೈಯಲ್ಲಿ ಮದ್ದು, ಅರಿಯದವನ ಬಾಯಲ್ಲಿ ಮೃತ್ಯು.

ವಿದ್ಯಾರ್ಥಿ ಮಿತ್ರರೇ, ಇಂದು ಸಂಜೆ ನಿಮ್ಮ ತಮ್ಮ ತಂಗಿಯರ ಕೈಹಿಡಿದು ಅಂಗಳಕ್ಕೆ ಹೋಗಿ. ಗಿಡಗಳನ್ನು ತೋರಿಸಿ, ಅವುಗಳ ಹೆಸರು ಹೇಳಿ, ಎಚ್ಚರವನ್ನೂ ಹೇಳಿ. ಅಜ್ಜಿ ಮಾಡುತ್ತಿದ್ದ ಕೆಲಸ ಈಗ ನಮ್ಮದು.