ಬೋರ್ಡ್ ಹೋಗೈತೆ ಅಂದ್ರೆ ಟಿವಿ ಸತ್ತೈತೆ ಅಂತಲ್ಲ

ಟಿವಿ ಕೆಟ್ಟ ಮನೇಲೆಲ್ಲ ಈಗ ಒಂದೇ ಮಾತು. "ಬೋರ್ಡ್ ಹೋಗೈತೆ ಕಣಮ್ಮ, ರಿಪೇರಿ ಮಾಡ್ಸೋ ದುಡ್ಡಿಗೆ ಇನ್ನೊಂದು ವಸಿ ಹಾಕಿ ಹೊಸದೇ ತಕಳ್ಳಿ." ನಮ್ಮ ಬೀದೀಲೂ ಇದೇ, ಬಾಗೂರು ಕಡೆ ಚಿಕ್ಕಮ್ಮನ ಮನೇಲೂ ಇದೇ, ಹೊಳೆನರಸೀಪುರದ ನಾದ್ನಿ ಮನೇಲೂ ಇದೇ. ಕೇಳಿದ್ದೇ ತಡ ನಾವು ಚೀಟಿ ದುಡ್ಡು ಎತ್ತಿ, ಇಲ್ಲಾ ತಿಂಗಳ ಕಂತಿಗೆ ಸೈನ್ ಹಾಕಿ ಹೊಸ ಟಿವಿ ತರ್ತೀವಿ. ಹಳೇದು ಗುಜರಿಯವನ ಗಾಡಿ ಹತ್ತದೆ. ನನ್ನ ಕೇಳಿದ್ರೆ ಇದು ಶುದ್ಧ ಅನ್ಯಾಯ. ನೆಗಡಿ ಬಂತು ಅಂತ ಮೂಗು ಕುಯ್ಕಂಡಂಗೆ.

ಬೋರ್ಡು ಅಂದ್ರೆ ಏನು ಅಂತ ಮೊದ್ಲು ತಿಳ್ಕೊಳಾಣ. ಟಿವಿ ಹಿಂದಿನ ಮುಚ್ಚಳ ತೆಗೆದ್ರೆ ಒಳಗಿರೋದು ಎರಡು ಮೂರು ಹಸಿರು ಹಲಗೆ, ಅಷ್ಟೆ. ಒಂದು ಪವರ್ ಬೋರ್ಡು. ಗೋಡೆಯಿಂದ ಬರೋ 230 ವೋಲ್ಟ್ ಕರೆಂಟನ್ನ ಟಿವಿಗೆ ಬೇಕಾದಂಗೆ 5 ವೋಲ್ಟು, 12 ವೋಲ್ಟು ಅಂತ ಇಳಿಸಿ ಕೊಡೋದು ಅದರ ಕೆಲಸ. ಇನ್ನೊಂದು ಮೇನ್ ಬೋರ್ಡು. ಚಿತ್ರ, ಶಬ್ದ, ರಿಮೋಟು ಎಲ್ಲ ಅದು ನೋಡ್ಕತದೆ. ಸಣ್ಣ ಟಿವಿಗಳಲ್ಲಿ ಎರಡೂ ಸೇರಿ ಒಂದೇ ಹಲಗೆ ಇರೋದೂ ಉಂಟು. ಆ ಹಲಗೆ ಮೇಲೆ ನೂರಾರು ಸಣ್ಣ ಸಣ್ಣ ಸಾಮಾನು ಕೂತಿರ್ತವೆ. ಸಾಮಾನ್ಯವಾಗಿ ಕೆಡೋದು ಅದರಲ್ಲಿ ಒಂದೋ ಎರಡೋ. ಒಂದು ಕೆಟ್ಟಿದ್ದಕ್ಕೆ ನೂರನ್ನೂ ಎಸೀರಿ ಅನ್ನೋದೇ ಈ "ಬೋರ್ಡ್ ಹೋಗೈತೆ" ಅನ್ನೋ ಮಾತಿನ ಅರ್ಥ.

ಹೆಚ್ಚಾಗಿ ಕೆಡೋದು ಯಾವುದು ಗೊತ್ತಾ? ಕೆಪಾಸಿಟರ್ ಅಂತ ಬತ್ತದೆ, ಪುಟ್ಟ ಡಬ್ಬಿ ಥರ. ಅದರೊಳಗೆ ವಸಿ ದ್ರವ ಇರ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಒಣಗ್ತಾ ಬಂದು, ಡಬ್ಬಿ ತಲೆ ಪೂರಿ ಉಬ್ಬಿದಂಗೆ ಉಬ್ಕತದೆ. ಆಗ ಟಿವಿ ಆನ್ ಆಗಲ್ಲ, ಇಲ್ಲಾ ಆನಾಗಿ ಆನಾಗಿ ಆಫಾಗ್ತದೆ. ಇನ್ನು ಕರೆಂಟು ಏರಿಳಿದಾಗ, ಸಿಡಿಲು ಬಡಿದಾಗ ಫ್ಯೂಸು, ಡಯೋಡು ಸುಟ್ಟೋಗ್ತವೆ. ಮೀಟರ್ ಹಿಡ್ಕಂಡು ಎಲ್ಲಿವರೆಗೂ ಕರೆಂಟು ಬತ್ತೈತೆ, ಎಲ್ಲಿ ನಿಂತೈತೆ ಅಂತ ಒಂದೊಂದೇ ನೋಡ್ತಾ ಹೋದ್ರೆ ಕೆಟ್ಟಿದ್ದು ಸಿಕ್ಕೇ ಸಿಗ್ತದೆ. ಕಾದ ಸಾಲ್ಡ್ರಿಂಗ್ ಕಡ್ಡೀಲಿ ಅದನ್ನ ಕಿತ್ತು ಹೊಸದು ಕೂರಿಸಿದ್ರೆ ಮುಗೀತು. ಇಂಥ ಸಾಮಾನಿನ ಬೆಲೆ ಹತ್ತೋ ಇಪ್ಪತ್ತೋ ರೂಪಾಯಿ, ದೊಡ್ಡದಾದ್ರೆ ಐವತ್ತೋ ಅರವತ್ತೋ. ಮಿಕ್ಕಿದ್ದು ಹುಡುಕಿದವನ ವಿದ್ಯೆಗೆ ಕೊಡೋ ಕೂಲಿ. ಆ ಕೂಲಿ ಕೊಡಕ್ಕೆ ಚೌಕಾಸಿ ಮಾಡಬೇಡಿ, ಅದು ನ್ಯಾಯವಾದ ದುಡ್ಡು.

ನಮ್ಮನೇಲೇ ಆಗಿದ್ದು ಹೇಳ್ತೀನಿ. ಏಳು ವರ್ಷದ ಟಿವಿ, ಒಂದಿನ ಕೆಂಪು ದೀಪಾನೂ ಉರೀಲಿಲ್ಲ. ಸರ್ವೀಸಿಂದ ಬಂದ ಹುಡುಗ ಮುಚ್ಚಳಾನೂ ಬಿಚ್ಚಲಿಲ್ಲ, ಮೀಟರೂ ತೆಗೀಲಿಲ್ಲ. ನಿಂತ ಕಾಲಲ್ಲೇ ಬೋರ್ಡಿಗೆ 6,500 ಅಂದ. ನಾನು ಬೋರ್ಡಲ್ಲಿ ಏನು ಹೋಗೈತಪ್ಪ ಅಂದ್ರೆ, "ಅದೆಲ್ಲ ನಿಮಗೆ ಗೊತ್ತಾಗಲ್ಲ ಆಂಟಿ" ಅಂದು ನಮ್ಮ ಯಜಮಾನ್ರ ಕಡೆ ತಿರುಗಿದ. ನಾನು ಬೇಡ ಅಂತ ಕಳಿಸಿ, ಪೇಟೇಲಿ ಹಳೇ ಕಾಲದಿಂದ ರೇಡಿಯೋ ಟಿವಿ ರಿಪೇರಿ ಮಾಡೋರ ಹತ್ರ ಹೊರಿಸ್ಕಂಡು ಹೋದೆ. ಎರಡು ಕೆಪಾಸಿಟರು, ಒಂದು ಫ್ಯೂಸು. ಕೂಲಿ ಸೇರಿ 550 ರೂಪಾಯಿ. ಉಬ್ಬಿದ ಕೆಪಾಸಿಟರ್ ಕೈಗೆ ಕೊಟ್ಟು ತೋರಿಸಿದ್ರು. ನನಗೂ ಚೆನ್ನಾಗೇ ಗೊತ್ತಾಯ್ತು.

ಇನ್ನೊಂದು ಕೇಳ್ತೀನಿ. ತೋಟದ ಬೋರ್‌ವೆಲ್ ಮೋಟ್ರು ಸುಟ್ಟೋದ್ರೆ ನಮ್ಮ ಗಂಡಸ್ರು ಏನ್ಮಾಡ್ತಾರೆ? ಬಿಚ್ಚಿಸಿ, ಒಳಗಿನ ತಂತಿ ಹೊಸದಾಗಿ ಸುತ್ತಿಸಿ, ತಿರುಗ ಇಳಿಸ್ತಾರೆ. ಒಂದಲ್ಲ, ಎರಡು ಮೂರು ಸಲ ಮಾಡಿಸ್ತಾರೆ. ಯಾರೂ ಹೊಸ ಮೋಟ್ರೇ ತಕಳ್ಳಿ ಅನ್ನಲ್ಲ. ನಾವೂ ಅಷ್ಟೆ, ಕುಕ್ಕರ್ ಕೂಗ್ಲಿಲ್ಲ ಅಂದ್ರೆ ಗ್ಯಾಸ್ಕೆಟ್ ಬದಲಾಯಿಸ್ತೀವೇ ಹೊರತು ಕುಕ್ಕರ್ ಎಸೆಯಲ್ಲ. ಈ ಬುದ್ಧಿ ಟಿವಿ ಮುಂದೆ ಮಾತ್ರ ಯಾಕೆ ಕೆಲಸ ಮಾಡಲ್ಲ? ಒಳಗೇನೈತೆ ಅಂತ ಯಾರೂ ಹೇಳ್ಕೊಡಲಿಲ್ಲ, ಅದಕ್ಕೇ.

ಬೋರ್ಡು ಬದಲಾಯಿಸೋರ ವಾದಾನೂ ಕೇಳಾಣ. ಅವರು ಹೇಳೋದು, ಬಿಡಿಸಿ ಹುಡುಕಕ್ಕೆ ಟೈಮ್ ಹಿಡೀತದೆ, ಹೊಸ ಬೋರ್ಡಿಗಾದ್ರೆ ಗ್ಯಾರಂಟಿ ಕೊಡಬಹುದು ಅಂತ. ಟೈಮ್ ಹಿಡಿಯೋದು ನಿಜ. ಆದ್ರೆ ಆ ಟೈಮು ಉಳಿಯೋದು ಅವರಿಗೆ, ದುಡ್ಡು ಹೋಗೋದು ನಮಗೆ. ಗ್ಯಾರಂಟಿ ಮಾತೂ ಅಷ್ಟೆ. ಒಳ್ಳೆ ರಿಪೇರಿಯವರೂ ಮಾಡಿದ ಕೆಲಸಕ್ಕೆ ಮೂರು ತಿಂಗಳೋ ಆರು ತಿಂಗಳೋ ಮಾತು ಕೊಡ್ತಾರೆ, ಚೀಟೀಲಿ ಬರೆಸ್ಕಳ್ಳಿ.

ಎಲ್ಲಾ ಟಿವೀನೂ ಬದುಕ್ತದೆ ಅಂತ ನಾನು ಹೇಳ್ತಿಲ್ಲ. ಪರದೆ ಒಡೆದಿದ್ರೆ ಬಿಟ್ಬಿಡಿ, ಟಿವೀಲಿ ದುಬಾರಿ ಸಾಮಾನೇ ಅದು. ವಾರಂಟಿ ಇದ್ರೆ ಬೇರೆಯವರ ಕೈಲಿ ಬಿಚ್ಚಿಸಬೇಡಿ. ಮಿಕ್ಕಿದ್ದಕ್ಕೆ ನೀವೇ ಲಕ್ಷಣ ನೋಡಬಹುದು. ಕೆಂಪು ದೀಪಾನೇ ಇಲ್ಲ ಅಂದ್ರೆ ಮೊದ್ಲು ಪ್ಲಗ್ಗು, ವೈರು, ಆಮೇಲೆ ಪವರ್ ಬೋರ್ಡು. ಶಬ್ದ ಬತ್ತೈತೆ, ಚಿತ್ರ ಇಲ್ಲ ಅಂದ್ರೆ ಕತ್ತಲೇಲಿ ಪರದೆಗೆ ಹತ್ತಿರದಿಂದ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡ್ರೆ ಹಿಂದಿನ ಬೆಳಕು ಹೋಗೈತೆ ಅಂತ. ಆ ಎಲ್‌ಇಡಿಗಳು ಹಬ್ಬಕ್ಕೆ ಹಾಕೋ ದೀಪದ ಸರದಂಗೆ ಸಾಲಾಗಿ ಇರ್ತವೆ, ಒಂದು ಹೋದ್ರೆ ಸಾಲೇ ಆರೋಗ್ತದೆ. ಪಟ್ಟಿ ಬದಲಾಯಿಸಬಹುದು.

ಆದ್ರೆ ಮುಚ್ಚಳಕ್ಕೆ ಮಾತ್ರ ನೀವು ಕೈ ಹಾಕಬೇಡಿ, ಮಕ್ಕಳನ್ನೂ ಬಿಡಬೇಡಿ. ಒಳಗಿನ ದೊಡ್ಡ ಕೆಪಾಸಿಟರಲ್ಲಿ ಹತ್ತಿರ ಹತ್ತಿರ 325 ವೋಲ್ಟ್ ತುಂಬಿರ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಅಶ್ವಿನಿ, ಭರಣಿ ಮಳೇಲಿ ಗುಡುಗು ಶುರುವಾಗೋ ಮುಂಚೇನೇ ಪ್ಲಗ್ಗೂ ಕೀಳಿ, ಡಿಶ್ ಕೇಬಲ್ಲೂ ಕೀಳಿ. ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ.

ನಮ್ಮ ಜಿಲ್ಲೆಗೇ ಒಂದು ಹೆಮ್ಮೆ ಐತೆ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಐತೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರೋ ಇನ್ಸಾಟ್ ಉಪಗ್ರಹಗಳನ್ನ ಅಲ್ಲಿಂದ್ಲೇ ನೋಡ್ಕತಾ ಬಂದವ್ರೆ. ಕೈಗೆ ಸಿಗದ ವಸ್ತೂನ ಭೂಮಿ ಮೇಲಿಂದ ವರ್ಷಗಟ್ಟಲೆ ಕಾಪಾಡೋ ಊರಿನವರು ನಾವು. ನಾಲ್ಕು ಸ್ಕ್ರೂ ಬಿಚ್ಚಿದ್ರೆ ಕೈಗೆ ಸಿಗೋ ಟಿವೀನ ಬಿಚ್ಚದೇನೇ ಸತ್ತೋಯ್ತು ಅಂದ್ರೆ ಒಪ್ಪಬೇಕಾ?

ಸರ್ಕಾರಾನೂ ಈಚೆಗೆ ಇದೇ ಮಾತು ಆಡ್ತೈತೆ. 2022ರ ಡಿಸೆಂಬರಲ್ಲಿ ಕೇಂದ್ರದ ಗ್ರಾಹಕ ಇಲಾಖೆ "ರೈಟ್ ಟು ರಿಪೇರ್" ಅಂತ ಪೋರ್ಟಲ್ ಶುರು ಮಾಡ್ತು, ರಿಪೇರಿ ಮಾಡಿಸ್ಕಳ್ಳೋದು ಗ್ರಾಹಕರ ಹಕ್ಕು ಅಂತ. ಮೋಸ ಅನ್ನಿಸಿದ್ರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದೈತೆ. ಆದ್ರೆ ನಿಯಮ ಕಾಗದದ ಮೇಲಿದ್ರೆ, ನಮ್ಮ ಹಳೇ ಟಿವಿ ಗುಜರಿ ಗುಡ್ಡೇಲಿ ಬೆಂಕಿಗೆ ಬೀಳ್ತಾನೇ ಇರ್ತದೆ, ಹೊಗೆ ನಮ್ಮ ಮಕ್ಕಳೇ ಕುಡೀಬೇಕು.

ಅದಕ್ಕೇ ಅಕ್ಕಂದಿರೇ, ಅತ್ತಿಗೇರೇ, ಮುಂದಿನ ಸಲ ಯಾರಾದ್ರೂ ಬೋರ್ಡ್ ಹೋಗೈತೆ ಅಂದ್ರೆ ನಾಲ್ಕು ಮಾತು ಕೇಳಿ. ಬೋರ್ಡಲ್ಲಿ ಏನು ಹೋಗೈತೆ? ಮೀಟರ್ ಇಟ್ಟು ನೋಡಿದ್ರಾ? ಆ ಒಂದನ್ನೇ ಬದಲಾಯಿಸಕ್ಕೆ ಎಷ್ಟು? ಬೋರ್ಡೇ ಬದಲಾಯಿಸಿದ್ರೆ ಹಳೇ ಬೋರ್ಡು ನನ್ನ ಕೈಗೆ ವಾಪಸ್ ಕೊಡ್ತೀರಾ? ಉತ್ತರ ಕೊಟ್ಟವನ ಹತ್ರ ಕೆಲಸ ಮಾಡಿಸಿ. "ನಿಮಗೆ ಗೊತ್ತಾಗಲ್ಲ" ಅಂದವನಿಗೆ ಕಾಫಿ ಕೊಟ್ಟು ಕಳಿಸಿ, ಟಿವಿ ಕೊಡಬೇಡಿ.