ಉತ್ತರ ಕೊಡಿ ಎಂದು ಕೇಳುವುದು ಅಪರಾಧವೆ?

'ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆಯನ್ನು ನಮ್ಮವರು ಎಲ್ಲಿಗೆ ಹೋದರೂ ಬುತ್ತಿಯ ಜೊತೆಗೆ ಕಟ್ಟಿಕೊಂಡೇ ಹೋಗುತ್ತಾರೆ. ಗದ್ದೆಯ ಬದುವಿನ ತಕರಾರಿಗಾಗಿ ಎರಡು ತಲೆಮಾರು ಅಲೆದವರ ಮಕ್ಕಳಿಗೆ ಈ ಗಾದೆ ಸುಳ್ಳೆಂದು ಹೇಳುವ ಧೈರ್ಯ ನಮಗೂ ಇಲ್ಲ. ಆದರೆ ಮದುವೆಯಾಗಿ ಮೂರು ವರ್ಷ ಕಳೆದರೂ ಗಂಡನ ಮುಖವನ್ನು ಫೋನಿನ ಪರದೆಯ ಮೇಲೆ ಮಾತ್ರ ಕಾಣುತ್ತಿರುವ ಹೆಣ್ಣುಮಗಳಿಗೂ ಅದೇ ಗಾದೆಯನ್ನು ಒಪ್ಪಿಸಿ, 'ಇನ್ನೂ ಸ್ವಲ್ಪ ದಿನ ತಾಳಿಕೊಳ್ಳಮ್ಮ, ಸರಕಾರದ ಸಂಗಡ ಜಗಳ ಬೇಡ' ಎಂದು ಬುದ್ಧಿ ಹೇಳುವುದನ್ನು ನಾವು ಒಪ್ಪಲಾರೆವು. ಈ ಬುದ್ಧಿವಾದ ಹೇಳುವವರಲ್ಲಿ ನಮ್ಮ ಸಂಘದ ಹಿರಿಯರೇ ಅನೇಕರಿದ್ದಾರೆ. ಅವರ ಮೇಲಿನ ಗೌರವವನ್ನು ಇಟ್ಟುಕೊಂಡೇ ಸ್ವಲ್ಪ ಖಾರವಾಗಿ ಬರೆಯುತ್ತಿದ್ದೇವೆ.

ಅಮೆರಿಕದ ವೀಸಾದ ಸಂಗತಿ ಮುಂಬಯಿಯ ಕನ್ನಡ ಮಾಸಪತ್ರಿಕೆಗೆ ಏಕೆ ಎಂದು ಕೆಲವರು ಕೇಳಬಹುದು. ಖಾಯಂ ವಾಸಕ್ಕೆಂದು ಅಮೆರಿಕಕ್ಕೆ ಹೋಗುವವರ ಸಂದರ್ಶನ ಭಾರತದಲ್ಲಿ ಬಹುಮಟ್ಟಿಗೆ ನಡೆಯುವುದು ನಮ್ಮ ಈ ಊರಿನಲ್ಲೇ. 2011ರವರೆಗೆ ಬ್ರೀಚ್ ಕ್ಯಾಂಡಿಯಲ್ಲಿದ್ದ ದೂತಾವಾಸ ಈಗ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿದೆ. ಮಂಗಳೂರು ಕಡೆಯ ಮಗಳು ಮತ್ಸ್ಯಗಂಧಾದಲ್ಲಿ, ಬೆಂಗಳೂರಿನವಳು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದು, ಮಾಟುಂಗಾದ ಚಿಕ್ಕಪ್ಪನ ಮನೆಯಲ್ಲೋ ಡೊಂಬಿವಲಿಯ ಸೋದರತ್ತೆಯ ಮನೆಯಲ್ಲೋ ತಂಗಿ, ವೈದ್ಯಕೀಯ ತಪಾಸಣೆ ಮುಗಿಸಿ, ಮದುವೆಯ ಆಲ್ಬಮ್ಮಿನ ಸಹಿತ ಕಾಗದಪತ್ರಗಳನ್ನೆಲ್ಲ ಎದೆಗವಚಿಕೊಂಡು ಆ ಬಾಗಿಲಿಗೆ ಹೋಗುತ್ತಾಳೆ. ಆದ್ದರಿಂದ ಈ ಕಾಯುವಿಕೆ ಎಂತಹದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಎಷ್ಟೋ ಮನೆಗಳ ಊಟದ ಮನೆಯಲ್ಲಿ ಅದು ಕುಳಿತುಕೊಂಡಿದೆ.

ಅಲ್ಲಿಯ ಪೌರತ್ವ ಪಡೆದ ಗಂಡ ಮೊದಲು ತನ್ನ ಸರಕಾರಕ್ಕೆ ಅರ್ಜಿ ಹಾಕಬೇಕು. ಕಾಗದದ ಮೇಲೆ ಹಾಕಿದರೆ 2024ರ ಏಪ್ರಿಲ್‌ನಿಂದ ಅದಕ್ಕೆ 675 ಡಾಲರ್ ಶುಲ್ಕ. ಅದು ಮಂಜೂರಾದ ಮೇಲೆ ಕಡತ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿರುವ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ವೀಸಾಕ್ಕೆ 325 ಡಾಲರ್, ಹೆಂಡತಿಯನ್ನು ಸಾಕುವೆನೆಂಬ ಗಂಡನ ಪ್ರಮಾಣಪತ್ರಕ್ಕೆ 120. ಹೀಗೆ 1,120 ಡಾಲರ್ ಕಟ್ಟಿ, ಸಂದರ್ಶನ ಮುಗಿಸಿದ ಮೇಲೆ ಕೆಲವರ ಕೈಗೆ ಒಂದು ಕಾಗದ ಬರುತ್ತದೆ. 1952ರ ವಲಸೆ ಕಾಯಿದೆಯ 221(ಜಿ) ಕಲಮಿನ ಪ್ರಕಾರ ಸದ್ಯಕ್ಕೆ ವೀಸಾ ಇಲ್ಲ, ಆಡಳಿತಾತ್ಮಕ ಪರಿಶೀಲನೆ ನಡೆಯಬೇಕು ಎಂದು ಅದರ ತಾತ್ಪರ್ಯ. ಪರಿಶೀಲನೆ ಯಾರು ಮಾಡುತ್ತಾರೆ, ಏನನ್ನು ಪರಿಶೀಲಿಸುತ್ತಾರೆ, ಎಂದು ಮುಗಿಯುತ್ತದೆ? ಒಂದಕ್ಕೂ ಉತ್ತರವಿಲ್ಲ. ಕೆಲವರಿಗೆ ಮೂರು ವಾರದಲ್ಲಿ ಮುಗಿಯುತ್ತದೆ. ಕೆಲವರಿಗೆ ಮೂರು ವರ್ಷವಾದರೂ ಇಲ್ಲ. ಅಷ್ಟರಲ್ಲಿ, ಸಾಮಾನ್ಯವಾಗಿ ಆರು ತಿಂಗಳಿಗೆ ಮೀರಿ ನಡೆಯದ ವೈದ್ಯಕೀಯ ವರದಿ ಹಳಸಿ, ಅದನ್ನು ಮತ್ತೆ ಮಾಡಿಸಬೇಕಾಗುತ್ತದೆ.

'ಅಲ್ಲಿಯವರೆಗೆ ಪ್ರವಾಸಿ ವೀಸಾದಲ್ಲಿ ಹೋಗಿ ಬರಬಾರದೆ?' ಎಂದು ತಿಳಿಯದವರು ಕೇಳುತ್ತಾರೆ. ಹಿಂದಿರುಗುವ ಉದ್ದೇಶವಿದೆಯೆಂದು ಪ್ರವಾಸಿಯೇ ತೋರಿಸಿಕೊಡಬೇಕೆಂಬುದು ಆ ಕಾಯಿದೆಯ 214(ಬಿ) ಕಲಮು. ಖಾಯಂ ವಾಸಕ್ಕೆ ಅರ್ಜಿ ಹಾಕಿದವಳು ಅದನ್ನು ಹೇಗೆ ತೋರಿಸಿಯಾಳು? ಹೆಂಡತಿಯಾಗಿ ಹೋಗಲು ಅಪ್ಪಣೆ ಇಲ್ಲ, ಅತಿಥಿಯಾಗಿ ಹೋಗಲು ಹೆಂಡತಿಯಾಗಿರುವುದೇ ಅಡ್ಡಿ! ಬರಬೇಕಾದವನು ಗಂಡನೇ, ಅದೂ ವರ್ಷಕ್ಕೆ ಎರಡು ವಾರದ ರಜೆಯ ಮೇಲೆ. ಇತ್ತ ಅವಳು 'ಇನ್ನೇನು ಹೊರಡುವವಳು' ಎಂದು ಕೆಲಸ ಬಿಟ್ಟಿರುತ್ತಾಳೆ. ಗೌರಿಹಬ್ಬಕ್ಕೆ ತವರಿಗೆ ಬಂದರೆ 'ಇನ್ನೂ ಹೋಗಲಿಲ್ಲವೆ?' ಎಂಬ ಪ್ರಶ್ನೆ. ಅತ್ತೆಯ ಮನೆಯಲ್ಲಿ ಗಂಡನಿಲ್ಲದ ಸೊಸೆ. ಇದೆಲ್ಲ ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಅಲ್ಲಿಗೆ ಹೋದವರಿಗೆ ಷರತ್ತಿನ ಪತ್ರವೆಂದೂ, ತುಂಬಿದವರಿಗೆ ಷರತ್ತಿಲ್ಲದ ಪತ್ರವೆಂದೂ ಒಂದು ನಿಯಮವಿದೆ. ವಿಳಂಬದಿಂದ ನಮ್ಮ ಹೆಣ್ಣುಮಕ್ಕಳಿಗೆ ದೊರೆತ ಪ್ರಸಾದ ಇದೊಂದೇ.

ಇಂತಹ ಸ್ಥಿತಿಯಲ್ಲಿ ಆ ದೇಶದ ಕಾಯಿದೆಯೇ ಒಂದು ದಾರಿಯನ್ನು ತೆರೆದಿಟ್ಟಿದೆ. ಸರಕಾರಿ ಇಲಾಖೆಗಳು ತಮ್ಮ ಮುಂದಿರುವ ವಿಷಯವನ್ನು ಯುಕ್ತವಾದ ಸಮಯದೊಳಗೆ ಮುಗಿಸಬೇಕೆಂದೂ, ವಿನಾಕಾರಣ ತಡಮಾಡಿದ ಕೆಲಸವನ್ನು ನ್ಯಾಯಾಲಯ ಮಾಡಿಸಬಹುದೆಂದೂ ಅಲ್ಲಿಯ 1946ರ ಆಡಳಿತ ಕಾರ್ಯವಿಧಾನದ ಕಾಯಿದೆ ಹೇಳುತ್ತದೆ. 1962ರ ಇನ್ನೊಂದು ಕಾಯಿದೆ ಕೇಂದ್ರ ಸರಕಾರದ ಅಧಿಕಾರಿಗೆ 'ನಿನ್ನ ಕರ್ತವ್ಯ ಮಾಡು' ಎಂದು ಆಜ್ಞಾಪಿಸುವ ಅಧಿಕಾರವನ್ನು ಜಿಲ್ಲಾ ಮಟ್ಟದ ಫೆಡರಲ್ ನ್ಯಾಯಾಲಯಗಳಿಗೆ ಕೊಟ್ಟಿದೆ. ಇದರ ಹೆಸರು ಮ್ಯಾಂಡಮಸ್, ನಮ್ಮ ಕನ್ನಡದಲ್ಲಿ ಪರಮಾದೇಶ. ಇದು ನಮಗೆ ಅಪರಿಚಿತವೇನಲ್ಲ. ನಿವೃತ್ತಿ ವೇತನ ತಡೆದಿಟ್ಟ ಇಲಾಖೆಯ ಮೇಲೆ ಸಂವಿಧಾನದ 226ನೆಯ ವಿಧಿಯ ಮೇರೆಗೆ ಹೈಕೋರ್ಟಿಗೆ ಹೋಗುವವರು ನಮ್ಮಲ್ಲಿಲ್ಲವೆ? ತನ್ನ ಪೆನ್ಶನ್ನಿಗೆ ರಿಟ್ ಹಾಕಲು ಹಿಂಜರಿಯದ ಮಾವನವರು ಸೊಸೆಯ ವೀಸಾದ ಮಾತು ಬಂದಾಗ ಮಾತ್ರ 'ಪರದೇಶದ ಸರಕಾರ, ಬೇಡಪ್ಪ' ಎನ್ನುತ್ತಾರೆ. ಪರದೇಶ ಯಾರಿಗೆ? ದಾವೆ ಹೂಡುವ ಮಗ ಆ ದೇಶದ ಪ್ರಜೆ, ಅಲ್ಲಿ ತೆರಿಗೆ ಕಟ್ಟುವವನು, ಮತ ಹಾಕುವವನು. ಅವನು ಬೇಡುತ್ತಿರುವುದು ತನ್ನದೇ ಸರಕಾರದ ಉತ್ತರವನ್ನು.

'ಸಿಟ್ಟು ಮಾಡಿಕೊಂಡು ತಿರಸ್ಕರಿಸಿಬಿಟ್ಟರೆ?' ಎಂಬುದು ಎಲ್ಲರ ಬಾಯಲ್ಲಿರುವ ಹೆದರಿಕೆ. ವೀಸಾ ನಿರಾಕರಿಸಲು ಕಾಯಿದೆಯಲ್ಲಿ ಕಾರಣಗಳ ಉದ್ದನೆಯ ಪಟ್ಟಿಯೇ ಇದೆ. ರೋಗ, ಅಪರಾಧ, ವಂಚನೆ, ಭದ್ರತೆ ಮೊದಲಾದುವೆಲ್ಲ ಅದರಲ್ಲಿವೆ. ನ್ಯಾಯಾಲಯಕ್ಕೆ ಹೋದರು ಎಂಬ ಕಾರಣ ಆ ಪಟ್ಟಿಯಲ್ಲಿ ಇಲ್ಲ. ವಾಸ್ತವವಾಗಿ ನಡೆಯುವುದೂ ಬೇರೆ. ಸರಕಾರಿ ವಕೀಲರಿಗೆ ದಾವೆಯ ಪ್ರತಿ ತಲುಪಿದ 60 ದಿನದೊಳಗೆ ಸರಕಾರ ಉತ್ತರ ಕೊಡಬೇಕು. ವಾದಿಸುವುದಕ್ಕಿಂತ ಕಡತವನ್ನು ತೆಗೆದು ನೋಡಿ ಮುಗಿಸುವುದೇ ಸುಲಭವೆಂದು ಕಂಡು, ಎಷ್ಟೋ ಮೊಕದ್ದಮೆಗಳು ನ್ಯಾಯಾಧೀಶರ ಮುಂದೆ ಬರುವ ಮೊದಲೇ ವೀಸಾ ಹೊರಬಿದ್ದು ಮುಕ್ತಾಯವಾಗುತ್ತವೆ. ಅಂದಮೇಲೆ ಅಷ್ಟು ವರ್ಷ ಆ ಕಡತಕ್ಕೆ ಏನು ರೋಗ ಬಡಿದಿತ್ತು ಎಂದು ಕೇಳುವ ಹಕ್ಕು ನಮಗಿದೆ.

ಇನ್ನು 'ಸರದಿ ತಪ್ಪಿಸಿ ಮುಂದೆ ನುಗ್ಗುವುದು ನ್ಯಾಯವೆ?' ಎಂಬ ಆಕ್ಷೇಪ. ಇದನ್ನು ಸಜ್ಜನರೂ ಎತ್ತುತ್ತಾರೆ, ಅಲ್ಲಿಯ ನ್ಯಾಯಾಧೀಶರೂ ಎತ್ತುತ್ತಾರೆ. ವಿಳಂಬ ಅತಿಯಾಯಿತೆ ಎಂದು ಅಳೆಯಲು ಅವರು ಬಳಸುವ ಆರು ಅಂಶಗಳ ಅಳತೆಗೋಲು 1984ರದು. ದೂರವಾಣಿ ಗ್ರಾಹಕರಿಂದ ಕಂಪನಿ ಹೆಚ್ಚಿಗೆ ವಸೂಲು ಮಾಡಿದ ಹಣದ ವ್ಯಾಜ್ಯದಲ್ಲಿ ಅದು ಹುಟ್ಟಿತು. ಒಬ್ಬರ ಕೆಲಸವನ್ನು ಮೊದಲು ಮಾಡಿದರೆ ಉಳಿದವರಿಗೆ ಹಿನ್ನಡೆಯಾಗುವುದಿಲ್ಲವೆ ಎಂಬುದು ಅದರಲ್ಲೊಂದು ಅಂಶ. ಅನೇಕ ದಾವೆಗಳು ಬಿದ್ದುಹೋಗುವುದು ಇದೇ ಅಂಶಕ್ಕೆ ಮುಗ್ಗರಿಸಿ. ಆದರೆ ಹಣಕಾಸಿನ ವಿಷಯದಲ್ಲಿ ಸಹಿಸಬಹುದಾದ ವಿಳಂಬವನ್ನು ಮನುಷ್ಯರ ಆರೋಗ್ಯ, ಕ್ಷೇಮಗಳ ವಿಷಯದಲ್ಲಿ ಸಹಿಸುವುದು ಕಷ್ಟ ಎಂಬುದೂ ಅದೇ ಕೋಲಿನ ಇನ್ನೊಂದು ಗೆರೆ. ಆ ಗೆರೆಯ ಕಡೆಗೆ ಕಣ್ಣು ಹಾಯುವುದು ಕಡಿಮೆ.

ಅಲ್ಲದೆ ಯಾವ ಸರದಿ? ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿಗೆ ಕೊಡುವ ವೀಸಾಗಳಿಗೆ ವರ್ಷಕ್ಕಿಷ್ಟೇ ಎಂಬ ಮಿತಿಯನ್ನು ಅವರ ಕಾಯಿದೆ ಹಾಕಿಯೇ ಇಲ್ಲ. ಅಣ್ಣ-ತಮ್ಮಂದಿರಿಗೆ, ಬೆಳೆದ ಮಕ್ಕಳಿಗೆ ಮಿತಿಯುಂಟು, ಸಂಗಾತಿಗೆ ಇಲ್ಲ. ಸಂಸತ್ತು ಬೇಕೆಂದೇ ಸಾಲಿನಿಂದ ಹೊರಗಿಟ್ಟವರನ್ನು ಕಚೇರಿಗಳು ಸಾಲಿನಲ್ಲಿ ನಿಲ್ಲಿಸಿವೆ. ನೌಕರರನ್ನು ಸಾಕಷ್ಟು ನೇಮಿಸದೆ ತಾವೇ ಕಟ್ಟಿದ ಸಾಲನ್ನು ತೋರಿಸಿ 'ಸಾಲು ಮುರಿಯಬೇಡಿ' ಎನ್ನುವುದು ಯಾವ ನ್ಯಾಯ? ವಲಸೆಯ ಅರ್ಜಿಗಳು 180 ದಿನದೊಳಗೆ ಮುಗಿಯಬೇಕೆಂಬ ಆಶಯವನ್ನು ಅದೇ ಸಂಸತ್ತು 2000ದಲ್ಲಿ ಕಾಯಿದೆಯಲ್ಲೇ ಬರೆದಿಟ್ಟಿತು. ಆಶಯವೆಂದರೆ ಆಶಯ, ಕಟ್ಟುಪಾಡಲ್ಲ, ಒಪ್ಪಿದೆವು. 2020ರ ಮಾರ್ಚಿಯಲ್ಲಿ ಕೋವಿಡ್ಡಿಗಾಗಿ ದೂತಾವಾಸಗಳು ಬಾಗಿಲೆಳೆದುಕೊಂಡಾಗ ಕಾಯಬೇಕೆಂದು ನಾವೂ ಹೇಳಿದ್ದುಂಟು. ಆ ಬಾಗಿಲುಗಳು ತೆರೆದು ಎಷ್ಟು ಕಾಲವಾಯಿತು?

ಹಾಗೆಂದು ಎಲ್ಲರೂ ನಾಳೆಯೇ ವಕೀಲರ ಮನೆಗೆ ಓಡಬೇಕೆಂದು ನಾವು ಹೇಳುತ್ತಿಲ್ಲ. ಗೆಲ್ಲುವುದು ಖಂಡಿತ ಎನ್ನುವ ವಕೀಲನನ್ನು ಮೊದಲು ಬಿಡಬೇಕು. 2024 ಈ ವಿಷಯದಲ್ಲಿ ಕೆಟ್ಟ ವರ್ಷ. ಆ ಜೂನ್ 21ರಂದು ಅಲ್ಲಿಯ ಸುಪ್ರೀಂ ಕೋರ್ಟು ಮುನೋಜ್ ಮೊಕದ್ದಮೆಯಲ್ಲಿ, ಪರದೇಶದ ಸಂಗಾತಿಯನ್ನು ದೇಶದೊಳಗೆ ಕರೆತರುವುದು ಪ್ರಜೆಯ ಮೂಲಭೂತ ಹಕ್ಕಲ್ಲವೆಂದು ಬಹುಮತದಿಂದ ತೀರ್ಪಿತ್ತಿತು. ಮೂವರು ಒಪ್ಪಲಿಲ್ಲ. ವೀಸಾ ಅಧಿಕಾರಿ 'ಇಲ್ಲ' ಎಂದು ತೀರ್ಮಾನಿಸಿದರೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಬಾಗಿಲು ಇದರಿಂದ ಹೆಚ್ಚುಕಡಿಮೆ ಮುಚ್ಚಿತು. ಮರುತಿಂಗಳು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, 221(ಜಿ) ಕಾಗದವೂ ಒಂದು ತಿರಸ್ಕಾರವೇ, ಅದಾದ ಮೇಲೆ ಮತ್ತೆ ತೀರ್ಮಾನಿಸಬೇಕೆಂಬ ಕಡ್ಡಾಯ ಕರ್ತವ್ಯ ಅಧಿಕಾರಿಗಿಲ್ಲ ಎಂಬ ಸರಕಾರದ ವಾದವನ್ನು ಒಂದು ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. 'ಪರಿಶೀಲನೆ ನಡೆಯುತ್ತಿದೆ' ಎಂದು ಅರ್ಜಿದಾರಳಿಗೆ ಒಂದು ನಾಲಿಗೆ, 'ಎಂದೋ ತಿರಸ್ಕರಿಸಿಯಾಗಿದೆ' ಎಂದು ನ್ಯಾಯಾಧೀಶರಿಗೆ ಇನ್ನೊಂದು ನಾಲಿಗೆ. ಆದರೆ ಎಲ್ಲ ನ್ಯಾಯಾಧೀಶರೂ ಇದನ್ನು ನುಂಗಿಲ್ಲ. ದಾವೆಯನ್ನು ವಾಷಿಂಗ್ಟನ್ನಿನಲ್ಲೇ ಹೂಡಬೇಕೆಂದಿಲ್ಲ. ಗಂಡ ವಾಸವಾಗಿರುವ ಜಿಲ್ಲೆಯ ಫೆಡರಲ್ ನ್ಯಾಯಾಲಯದಲ್ಲೂ ಹೂಡಬಹುದು. ಎಲ್ಲಿ ಹೂಡಿದರೆ ಮೇಲು ಎಂಬುದೇ ಈಗ ವಕೀಲರನ್ನು ಕೇಳಬೇಕಾದ ಮೊದಲ ಪ್ರಶ್ನೆ.

ಆದ್ದರಿಂದ ಯಾರು ಹೋಗಬಾರದು ಎಂಬುದನ್ನೂ ಹೇಳಿಬಿಡುತ್ತೇವೆ. ಗಂಡ ಪ್ರಜೆಯಾಗಿರದೆ ಬರೀ ಹಸಿರು ಪತ್ರದವನಾಗಿದ್ದರೆ ಅವನ ಹೆಂಡತಿಗೆ ವಾರ್ಷಿಕ ಮಿತಿ ಅನ್ವಯಿಸುತ್ತದೆ. ಅವರ ವೀಸಾ ಬುಲೆಟಿನ್ನಿನಲ್ಲಿ ತಾರೀಖು ಬಾರದೆ ದಾವೆ ಹೂಡುವುದು ಹಣ ಹೊಳೆಗೆ ಚೆಲ್ಲಿದಂತೆ. ಅವನು ಅರ್ಹನಾದ ಕೂಡಲೆ ಪೌರತ್ವಕ್ಕೆ ಅರ್ಜಿ ಹಾಕುವುದೇ ಲೇಸು. ಕಡತದಲ್ಲಿ ಏನಾದರೂ ಹುಳುಕಿದ್ದರೆ, ಅಂದರೆ ಮುಚ್ಚಿಟ್ಟ ಹಿಂದಿನ ಮದುವೆ, ಹೊಂದದ ಜನ್ಮ ದಿನಾಂಕ, ಯಾವುದೋ ಹಳೆಯ ಸುಳ್ಳು ಅರ್ಜಿ ಇದ್ದರೆ, ಅಂಥವರು ಬೇಗ ಉತ್ತರ ಕೇಳದಿರುವುದೇ ಒಳಿತು. ದಾವೆಯಿಂದ ಸಿಗಬಹುದಾದದ್ದು ಉತ್ತರ ಮಾತ್ರ, ವೀಸಾ ಅಲ್ಲ. ಸಂದರ್ಶನವಾಗಿ ಮೂರು ತಿಂಗಳಷ್ಟೇ ಆದವರೂ ತಾಳಬೇಕು. ಅವರು ಮೊದಲು ತಮ್ಮ ಕ್ಷೇತ್ರದ ಸಂಸತ್ ಸದಸ್ಯನ ಕಚೇರಿಗೆ ಬರೆಯಲಿ. ಅದಕ್ಕೆ ಖರ್ಚಿಲ್ಲ. ಅಲ್ಲಿಂದ ಬರುವುದು ಅಚ್ಚು ಹೊಡೆದ ಉತ್ತರವೇ ಆಗಿರಬಹುದು, ಆದರೂ ತಾರೀಖು ಹಾಕಿದ ಅಂಥ ನಾಲ್ಕು ಉತ್ತರಗಳು ಮುಂದೆ ನ್ಯಾಯಾಲಯದಲ್ಲಿ ಕೆಲಸಕ್ಕೆ ಬರುತ್ತವೆ.

ಖರ್ಚಿನ ಮಾತು. ದಾವೆಯ ಶುಲ್ಕ 405 ಡಾಲರ್. ವಕೀಲರ ಫೀಸು ಅದರ ಮೇಲೆ ಕೆಲವು ಸಾವಿರ. ಸರಕಾರದ ವಿರುದ್ಧ ಗೆದ್ದವರಿಗೆ ವಕೀಲರ ಫೀಸು ಕೊಡಿಸುವ ಕಾಯಿದೆಯೊಂದು 1980ರಿಂದ ಇದೆಯೆಂಬುದು ನಿಜ. ಆದರೆ ನ್ಯಾಯಾಧೀಶರ ಆಜ್ಞೆಗೆ ಮೊದಲೇ ಎದುರು ಪಕ್ಷ ತಾನಾಗಿ ಕೆಲಸ ಮಾಡಿಕೊಟ್ಟರೆ ಅದನ್ನು ಗೆಲುವೆಂದು ಎಣಿಸಲಾಗದು ಎಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿದೆ. ಐವತ್ತೊಂಬತ್ತನೆಯ ದಿನ ವೀಸಾ ಕೊಟ್ಟ ಸರಕಾರ ಕಾಸೂ ಕೊಡಬೇಕಾಗಿಲ್ಲ! ನಮ್ಮ ಗಾದೆಗೆ ಇಲ್ಲಿ ಸ್ವಲ್ಪ ಮರ್ಯಾದೆ ಸಲ್ಲುತ್ತದೆ. ಆದರೆ ವರ್ಷಕ್ಕೆರಡು ವಿಮಾನದ ಟಿಕೇಟು, ಎರಡು ಸಂಸಾರದ ಬಾಡಿಗೆ, ಹೆಂಡತಿಯ ಕಳೆದುಹೋದ ಸಂಬಳ, ಇವನ್ನು ಒಂದು ಕಾಗದದ ಮೇಲೆ ಬರೆದು ಕೂಡಿಸಿ ನೋಡಿದವರು ದಾವೆ ದುಬಾರಿ ಎನ್ನುವುದಿಲ್ಲ.

ಹಣವಿದ್ದವನು ಬೇಗ ಬಿಡಿಸಿಕೊಳ್ಳುತ್ತಾನೆ, ಇಲ್ಲದವನು ಕಾಯುತ್ತಾನೆ ಎಂಬ ದೂರು ಮಾತ್ರ ಸತ್ಯವಾದದ್ದು. ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ, ಬೇಡಿಕೆಯಿದೆ. ಅಮೆರಿಕದ ಕನ್ನಡ ಕೂಟಗಳು ಎರಡು ವರ್ಷಕ್ಕೊಮ್ಮೆ ವೈಭವದ ಸಮ್ಮೇಳನ ನಡೆಸುತ್ತವೆ, ಇಲ್ಲಿಂದ ಸಿನಿಮಾ ತಾರೆಯರನ್ನೂ ಮಠಾಧೀಶರನ್ನೂ ಮಂತ್ರಿಗಳನ್ನೂ ಕರೆಸಿಕೊಳ್ಳುತ್ತವೆ. ಅವುಗಳ ಒಂದು ಊಟದ ಖರ್ಚಿನಲ್ಲಿ ಹತ್ತು ಬಡ ದಂಪತಿಗಳ ದಾವೆಯ ಶುಲ್ಕ ಹುಟ್ಟುತ್ತದೆ. ಅಲ್ಲಿ ನಮ್ಮವರೇ ಆದ ವಕೀಲರು ಇದ್ದಾರೆ, ತಿಂಗಳಿಗೊಂದು ಶನಿವಾರ ಉಚಿತವಾಗಿ ಸಲಹೆ ಕೊಡಲಿ. ನಮ್ಮ ಮುಂಬಯಿಯ ಸಂಘಗಳೂ ಕೈಕಟ್ಟಿ ಕುಳಿತುಕೊಳ್ಳಬಾರದು. ಸಂಬಂಧಿಕರಿಲ್ಲದ ಹುಡುಗಿ ಸಂದರ್ಶನಕ್ಕೆ ಬಂದಾಗ ಎರಡು ರಾತ್ರಿ ಉಳಿಯಲು ಸದಸ್ಯರ ಮನೆಗಳ ಪಟ್ಟಿಯೊಂದನ್ನು ಸಂಘದ ಕಚೇರಿಯಲ್ಲಿ ಇಡುವುದಕ್ಕೆ ಯಾವ ಅನುದಾನವೂ ಬೇಡ.

ಕೊನೆಯದಾಗಿ, ಈ ತೀರ್ಮಾನವನ್ನು ನಮ್ಮ ಮನೆಗಳಲ್ಲಿ ಯಾರು ಮಾಡುತ್ತಿದ್ದಾರೆ? ಗಂಡ, ಅವನ ತಂದೆ, ಇವಳ ತಂದೆ, ಹೆಚ್ಚೆಂದರೆ ಭಾವ. ವರ್ಷಗಳನ್ನು ಕಳೆದುಕೊಳ್ಳುತ್ತಿರುವವಳನ್ನು ಕೇಳುವವರಿಲ್ಲ. ಅರ್ಜಿದಾರ ಗಂಡನಾದರೂ, ದಾವೆಯಲ್ಲಿ ಹೆಂಡತಿಯೂ ವಾದಿಯಾಗಿ ಸೇರುವುದುಂಟು. ಅವಳ ಹೆಸರು ಸಾರ್ವಜನಿಕ ದಾಖಲೆಯಲ್ಲಿ ಬರುತ್ತದೆ, ಉತ್ತರ 'ಇಲ್ಲ' ಎಂದು ಬಂದರೆ ಅದನ್ನು ಅನುಭವಿಸುವವಳೂ ಅವಳೇ. ಅವಳು ಬೇಡವೆಂದರೆ ವಕೀಲರಿಗೆ ಮುಂಗಡ ಕಳಿಸಬೇಡಿ. ಅವಳು ಹೂಡೋಣ ಎಂದರೆ, ಹಿರಿಯರು ಗಾದೆಯನ್ನು ಬದಿಗಿಟ್ಟು ಸಂದರ್ಶನದ ದಿನದಿಂದ ಇಂದಿನವರೆಗಿನ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಡಲಿ. ಆ ಕೆಲಸದಲ್ಲಿ ನಮ್ಮ ಪೆನ್ಶನ್ನಿನ ಮಾವಂದಿರಷ್ಟು ಅನುಭವಿಗಳು ಬೇರೆ ಯಾರಿದ್ದಾರೆ?