ಬೆಳ್ಳಕ್ಕಿ ಮೊಟ್ಟೆಗೊಂದು ನ್ಯಾಯ, ಮೀನಿನ ಮೊಟ್ಟೆಗೊಂದು ನ್ಯಾಯವೇ?

ಸೋಂದಾದ ಮುಂಡಿಗೆಕೆರೆಗೆ ಪ್ರತಿ ವರ್ಷ ಮಳೆಗಾಲದ ಹೊತ್ತಿಗೆ ಬೆಳ್ಳಕ್ಕಿಗಳು ಬರುತ್ತವೆ. ಕೆರೆಯಲ್ಲಿರುವ ಮುಂಡಿಗೆ ಗಿಡಗಳ ಮೇಲೆ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳು ಹಾರುವಂತಾದ ಮೇಲೆ ಹೊರಟುಹೋಗುತ್ತವೆ. ಆ ದಿನಗಳಲ್ಲಿ ಊರಿನವರೇ ಅವಕ್ಕೆ ಕಾವಲು. ಗೂಡಿಗೆ ಕೈ ಹಾಕಿ ಮೊಟ್ಟೆ ತಂದು ಆಮ್ಲೆಟ್ ಮಾಡಿಕೊಂಡೆ ಎಂದು ಯಾರಾದರೂ ಹೇಳಿದರೆ ಅವರ ಜೊತೆ ಮಾತು ಬಿಟ್ಟೇವು.

ಅದೇ ಜೂನ್ ತಿಂಗಳು, ಅದೇ ಮಳೆ. ಶಾಲ್ಮಲೆಗೆ ಮೊದಲ ಕೆಂಪು ನೀರು ಬಂದ ರಾತ್ರಿ ನಾವು ಟಾರ್ಚ್ ಹಿಡಿದು ಹತ್ತುಮೀನು ಹಿಡಿಯಲು ಹೊರಡುತ್ತೇವೆ. (ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಹೊಳೆಗೂ ಶಾಲ್ಮಲಾ ಎಂದೇ ಹೆಸರು. ನಾನು ಹೇಳುತ್ತಿರುವುದು ಸಹಸ್ರಲಿಂಗದ ಶಾಲ್ಮಲೆ.) ಹೊಸ ನೀರಿನ ಸೆಳೆತಕ್ಕೆ ಮೀನುಗಳು ಎದುರು ಈಜುತ್ತಾ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಹತ್ತುತ್ತವೆ. ಅವು ಹತ್ತುವುದು ಮೊಟ್ಟೆ ಇಡುವುದಕ್ಕೆ. ಹಳ್ಳದ ಬಾಯಲ್ಲಿ ಮಾಮು ಬಿದಿರಿನ ಕೂಣಿ ಇಡುತ್ತಾರೆ. ಎಂಟನೇ ವಯಸ್ಸಿನಿಂದ ಚೀಲ ಹಿಡಿಯುವವನು ನಾನು. ಬೆಳಿಗ್ಗೆ ಅಮ್ಮಿ ಮೀನು ಸೀಳಿದರೆ ಹೊಟ್ಟೆಯ ಎರಡೂ ಬದಿಗೆ ಹಳದಿ ಮೊಟ್ಟೆಯ ಗಟ್ಟಿ. ಅದನ್ನು ಬೇರೆ ತೆಗೆದು ಅರಿಶಿನ, ಖಾರದಪುಡಿ ಹಚ್ಚಿ ಹುರಿಯುತ್ತಾರೆ. ಆ ತಟ್ಟೆಗಾಗಿ ನಾನೂ ತಂಗಿಯೂ ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ ನಮ್ಮ ತರಗತಿಯ ಒಂದು ಚರ್ಚೆ. ಬೇಡ್ತಿ–ವರದಾ ನದಿ ಜೋಡಣೆಯ ವಿರುದ್ಧ ನಾನು ಮಾತನಾಡಿದೆ. ಶಾಲ್ಮಲೆಗೂ ಪಟ್ಟಣದಹೊಳೆಗೂ ಅಣೆಕಟ್ಟು ಕಟ್ಟಿ, ಆ ನೀರನ್ನು ಪೂರ್ವಕ್ಕೆ ಹರಿಯುವ ವರದಾ ನದಿಗೆ ಸಾಗಿಸುವುದು ಯೋಜನೆ. ‘ಸಮುದ್ರಕ್ಕೆ ಹೋಗಿ ವ್ಯರ್ಥವಾಗುವ ನೀರು’ ಎಂಬ ಮಾತನ್ನು ಹಿಡಿದು ಚೆನ್ನಾಗಿಯೇ ಝಾಡಿಸಿದೆ, ಚಪ್ಪಾಳೆಯೂ ಬಿತ್ತು. ಕೆಳಗಿಳಿದು ಬಂದಾಗ ಗೆಳೆಯನೊಬ್ಬ ಮೆಲ್ಲಗೆ ಕೇಳಿದ: “ನಿಮ್ಮ ಮನೇಲಿ ಹತ್ತುಮೀನು ತಿನ್ನೋದಿಲ್ವಾ?”

ನನ್ನ ಬಳಿ ಉತ್ತರ ಇರಲಿಲ್ಲ.

ಅಂದು ನಾನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನಮ್ಮ ಜಿಲ್ಲೆಯಲ್ಲೇ ಎರಡು ಬಗೆಯ ಹೊಳೆಗಳಿವೆ. ಕಾಳಿಗೆ ಜೋಯಿಡಾದ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು, ಯಲ್ಲಾಪುರ ತಾಲ್ಲೂಕಿನಲ್ಲಿ ಕೊಡಸಳ್ಳಿ, ಇನ್ನೂ ಕೆಳಗೆ ಕದ್ರಾ. 101 ಮೀಟರ್ ಗೋಡೆ ಹತ್ತುವ ಮೀನು ಯಾವುದೂ ಇಲ್ಲ. ಹತ್ತಬೇಕು ಎಂದು ಮೀನಿಗೆ ಸೂಚನೆ ಕೊಡುವ ಮೊದಲ ನೆರೆಯೇ ಜಲಾಶಯದಲ್ಲಿ ನಿಂತುಬಿಡುತ್ತದೆ. ಆಮೇಲೆ ನೀರು ಬರುವುದು ಮಳೆ ಬಂದಾಗಲ್ಲ, ಕರೆಂಟ್ ಬೇಕಾದಾಗ. ಶರಾವತಿಯ ಕತೆ ಇನ್ನೊಂದು. ಲಿಂಗನಮಕ್ಕಿ, ಗೇರುಸೊಪ್ಪೆಗಳ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದು ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ಕುಸಿಯಿತು. ಉಪ್ಪುನೀರು ಬೇಕಾದ ಚಿಪ್ಪುಮೀನುಗಳು ಅಲ್ಲಿ ಹಾಳಾದವು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಚಿಪ್ಪು ಆರಿಸಿ ಇಂದಿಗೂ ಎಷ್ಟೋ ಮನೆಗಳು ನಡೆಯುತ್ತಿವೆ. ಆ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ ಮಾನ್ಯತೆಯೂ ಸಿಕ್ಕಿತು. ಶಾಲ್ಮಲೆ ಬೇಡ್ತಿಯನ್ನು ಸೇರಿ, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾದ ಕಡೆ ಸಮುದ್ರ ಸೇರುತ್ತಾಳೆ. ಆ ನೀರು ವ್ಯರ್ಥ ಎನ್ನುವವರು ಜಮಾ ಪುಟವನ್ನಷ್ಟೇ ಬರೆದು ಖರ್ಚಿನ ಪುಟ ಹರಿದು ಹಾಕಿದ್ದಾರೆ.

ಆದರೆ ನಮ್ಮ ಮನೆಯ ಪುಸ್ತಕ? ಬಂಡವಾಳವನ್ನು ಲಾಭ ಎಂದು ಬರೆದುಕೊಂಡು ತಿನ್ನುವುದು ದೊಡ್ಡ ತಪ್ಪು ಎಂದು ಅಕೌಂಟೆನ್ಸಿಯ ಮೊದಲ ಪಾಠಗಳಲ್ಲೇ ಕಲಿತಿದ್ದೇವೆ. (ಅಸಲು–ಬಡ್ಡಿ ಎಂದರೆ ಇನ್ನೂ ಸುಲಭವಾಗಿ ಅರ್ಥವಾಗುತ್ತಿತ್ತು, ಆದರೆ ನಮ್ಮ ಮನೆಯಲ್ಲಿ ಬಡ್ಡಿಯ ಉದಾಹರಣೆ ಕೊಟ್ಟರೂ ಅಬ್ಬಾ ಮುಖ ಸಿಂಡರಿಸುತ್ತಾರೆ.) ಮೊಟ್ಟೆ ತುಂಬಿದ ಮೀನು ಬಂಡವಾಳ. ಬೇಸಿಗೆಯ ಗುಂಡಿಯಲ್ಲಿ ಸಿಗುವ ಮೀನು ಲಾಭ.

ಮಾಮು ಜೊತೆ ವಾದ ಮಾಡಿದೆ. “ಮೀನಿಗೆ ಜಬಹ್ ಕೂಡ ಬೇಕಿಲ್ಲ. ಅಲ್ಲಾಹ್ ಅಷ್ಟು ಸುಲಭ ಮಾಡಿ ಕೊಟ್ಟದ್ದನ್ನು ನೀನು ಹರಾಮ್ ಮಾಡ್ತೀಯಾ?” ಎಂದರು. ಹರಾಮ್ ಎಂದು ನಾನು ಹೇಳುತ್ತಿಲ್ಲ. ಆದರೆ ಇಸ್ರಾಫ್ ಬೇಡ ಎಂದು ಕಲಿಸಿದವರೂ ಅವರೇ. ಅವರ ಎರಡನೇ ಮಾತಿಗೆ ತೂಕ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ ಸಮುದ್ರದಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಸಿರ್ಸಿ ಪೇಟೆಯಲ್ಲಿ ಮೀನಿನ ರೇಟು ಆಗ ನಮ್ಮ ಕೈಗೆ ಎಟುಕುವುದಿಲ್ಲ. ಹೊಳೆಮೀನು ಹಿಡಿಯುವುದು ಬಡವರ ಮನೆಯವರೇ. “ಒಂದು ಕೂಣಿಯಿಂದ ಹೊಳೆ ಖಾಲಿ ಆಗೋದಿಲ್ಲ” ಎಂದರು. ಅದೂ ನಿಜ. ಕೂಣಿಯ ಸಂದಿಯಿಂದ ಸಣ್ಣದು ತಪ್ಪಿಸಿಕೊಳ್ಳುತ್ತದೆ. ಆದರೆ ಈಗ ಹಳ್ಳಕ್ಕೆ ಅಡ್ಡಲಾಗಿ ಸೊಳ್ಳೆಪರದೆ ಕಟ್ಟುವವರಿದ್ದಾರೆ. ಗುಂಡಿಗೆ ತೋಟೆ ಎಸೆಯುವವರು, ಬ್ಲೀಚಿಂಗ್ ಪೌಡರ್ ಸುರಿಯುವವರು ಇದ್ದಾರೆ. ತೋಟೆಯನ್ನೂ ವಿಷವನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿದೆ. ಮೊಟ್ಟೆ, ಮರಿ, ಏಡಿ, ಕಪ್ಪೆ ಯಾವುದೂ ಅದರಲ್ಲಿ ಉಳಿಯುವುದಿಲ್ಲ. ಅಂಥವರ ಜೊತೆ ಕೂಣಿಯವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ ಎಂದು ನಾನೂ ಒಪ್ಪುತ್ತೇನೆ.

‘ಮೀನು ಕಡಿಮೆಯಾದರೆ ಮರಿ ತಂದು ಬಿಟ್ಟರಾಯಿತು’ ಎನ್ನುವವರಿಗೆ ಕಾವೇರಿಯನ್ನು ತೋರಿಸುತ್ತೇನೆ. ಅಲ್ಲಿ ಬೇರೆ ಕಡೆ ಸಾಕಿದ ಮಹಶೀರ್ ಮರಿಗಳನ್ನು ವರ್ಷಾನುಗಟ್ಟಲೆ ಬಿಟ್ಟರು. ಕಾವೇರಿಯದ್ದೇ ಆದ, ಬೆನ್ನು ಉಬ್ಬಿದ ಮಹಶೀರ್ ಮೂಲೆಗುಂಪಾಯಿತು. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ನಿಗದಿಯಾದದ್ದು 2018ರಲ್ಲಿ. ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ.

2012ರಲ್ಲಿ ಶಾಲ್ಮಲೆಯ ದಂಡೆಯ 4.89 ಚದರ ಕಿಲೋಮೀಟರ್ ಪ್ರದೇಶವನ್ನು ಸರ್ಕಾರ ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ. ಒಳ್ಳೆಯದು. ಆದರೆ ಮೀನು ಆ ಗಡಿಯೊಳಗೇ ಇರುವುದಿಲ್ಲ. ಮೊಟ್ಟೆ ಇಡಲು ಅದು ನಮ್ಮ ನಿಮ್ಮ ಗದ್ದೆಯ ಬದಿಗೇ ಬರುತ್ತದೆ, ಅಲ್ಲಿ ಗಾರ್ಡ್ ಇರುವುದಿಲ್ಲ.

ಹಾಗಾಗಿ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ನಮ್ಮ ಕಾಲೇಜಿನವರಲ್ಲಿ ಒಂದು ಕೇಳಿಕೆ. ಮಳೆ ಶುರುವಾದ ಮೊದಲ ಮೂರು ವಾರ ಹತ್ತುಮೀನನ್ನು ಬಿಡೋಣ. ಆಮೇಲೆ ಕೂಣಿ ಇಡಿ, ಗಾಳ ಹಾಕಿ, ನಾನೂ ಬರುತ್ತೇನೆ. ತೋಟೆ, ಬ್ಲೀಚಿಂಗ್ ಮಾತ್ರ ಯಾವತ್ತೂ ಬೇಡ, ಹಾಕುವವರು ನಮ್ಮ ಸಂಬಂಧಿಕರಾದರೂ ಸುಮ್ಮನಿರುವುದು ಬೇಡ. ಅಣೆಕಟ್ಟು ಬೇಡ ಎಂದು ನಾಳೆ ಮೆರವಣಿಗೆಯಲ್ಲಿ ನಿಂತಾಗ ಗೆಳೆಯನ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಬೇಕು.

ಮಾಮು ಇನ್ನೂ ಒಪ್ಪಿಲ್ಲ. ಅಟ್ಟದಲ್ಲಿಟ್ಟ ಕೂಣಿಯ ಒಂದು ಬದಿಯನ್ನು ಇಲಿ ಕಡಿದಿದೆಯಂತೆ, ಹೆಣೆದುಕೊಡು ಎಂದು ನನ್ನನ್ನೇ ಕೇಳಿದ್ದಾರೆ. ಜುಲೈ ಬರಲಿ ಎಂದಿದ್ದೇನೆ.